ನಾಲ್ಕು ಟ್ಯೂಬಿನಲ್ಲಿ ದೊಡ್ಡಪ್ಪ

12×16 ಇಂಚಿನ ಹಾರ್ಡ್‌ಬೋರ್ಡ್, ನಾಲ್ಕು ಟ್ಯೂಬ್ ಆಯಿಲ್ ಕಲರ್, ಒಂದಿಂಚಿನ ಚಪ್ಪಟೆ ಬ್ರಷ್. ಇಷ್ಟರಲ್ಲಿ ನಮ್ಮ ದೊಡ್ಡಪ್ಪನ ಮುಖ ಮೂಡಬೇಕು. ರೆಪ್ಪೆಗೂದಲು ಬೇಡ, ಒಂದೊಂದೇ ಸುಕ್ಕು ಬೇಡ, ಮೀಸೆಯ ಎಳೆ ಎಣಿಸೋದು ಬೇಡ. ಆದರೆ ಊರಿನವರು ಯಾರು ನೋಡಿದರೂ ‘ಓ, ಇವರಾ’ ಅನ್ನಬೇಕು. ನಾನೇ ಹಾಕಿಕೊಂಡ ಷರತ್ತು ಇಷ್ಟು.

ನಮ್ಮೂರು ತಿಪಟೂರಿನ ಪಕ್ಕ. ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ವರ್ಷದ ಹತ್ತಿರ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯೋಕೆ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಉಂಡೆ ಕದಲಿದ ಸದ್ದು ಬರಬೇಕು. ದೊಡ್ಡಪ್ಪ ಹೀಗೆ ಕೇಳುವಾಗ ತಲೆ ಎಡಕ್ಕೆ ವಾಲುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಕೆಳತುಟಿ ಒಂಚೂರು ಮುಂದೆ ಬರುತ್ತದೆ. ನನಗೆ ಬೇಕಾಗಿದ್ದು ಅದೇ ಭಂಗಿ. ‘ಫೋಟೋ ತೆಗೀತೀನಿ’ ಅಂದ ಕೂಡಲೇ ಅವರು ಎದೆ ಸೆಟೆಸಿ ನಿಂತುಬಿಡುತ್ತಾರೆ. ಆ ಮುಖ ಆಧಾರ್ ಕಾರ್ಡಿನಲ್ಲಿ ಆಗಲೇ ಇದೆಯಲ್ಲ.

ಹಾಗಾಗಿ ಕೇಳದೆಯೇ, ಅವರು ಕೆಲಸ ಮಾಡುತ್ತಿರುವಾಗ ಅಟ್ಟದಲ್ಲಿ ಫೋನಿನಿಂದ ಫೋಟೋ ತೆಗೆದೆ. ಆಮೇಲೆ ತೋರಿಸಿ ಒಪ್ಪಿಗೆ ಪಡೆದೆ.

ಬೆಳಕು

ಅಟ್ಟದಲ್ಲಿ ಬೆಳಕು ಬರೋದು ಒಂದೇ ಕಡೆಯಿಂದ. ಮಂಗಳೂರು ಹೆಂಚಿನ ನಡುವೆ ಕೂರಿಸಿದ ಒಂದು ಗಾಜಿನ ಹೆಂಚು. ಸರಳ ಮಾಡಿ ಬರೆಯುವವರಿಗೆ ಇದಕ್ಕಿಂತ ಒಳ್ಳೆ ಬೆಳಕು ಸಿಗೋದು ಕಷ್ಟ. ಮುಖ ತಾನಾಗೇ ಎರಡು ಪಾಲಾಗುತ್ತದೆ: ಬೆಳಕು ಬಿದ್ದ ಕಡೆ, ಬೀಳದ ಕಡೆ. ಟ್ಯೂಬ್‌ಲೈಟ್ ಕೆಳಗೆ ಕೂರಿಸಿದರೆ ನೆರಳು ನಾಲ್ಕು ದಿಕ್ಕಿಗೂ ಹರಡಿ ಮುಖ ಚಪ್ಪಟೆಯಾಗುತ್ತದೆ. ಆಗ ನಾವು ಹೋಲಿಕೆಗೋಸ್ಕರ ಗೆರೆಗಳ ಹಿಂದೆ ಬೀಳುತ್ತೇವೆ. ಗೆರೆ ಜಾಸ್ತಿಯಾದಷ್ಟೂ ಚಿತ್ರ ಸತ್ತಂತಾಗುತ್ತದೆ.

ಫೋನಿನ ಬಗ್ಗೆ ಒಂದು ಮಾತು. ಈಗಿನ ಫೋನುಗಳು ನೆರಳನ್ನು ತಾವಾಗಿಯೇ ಎತ್ತಿ ಬೆಳಗಿಸುತ್ತವೆ. ಮನೆ ಫೋಟೋಗೆ ಅದು ಚೆಂದ. ಚಿತ್ರ ಬರೆಯೋಕೆ ಅದು ಕಾಟ. ನೆರಳು ಎತ್ತುವ ಆ ಎಚ್‌ಡಿಆರ್ ಸೆಟ್ಟಿಂಗ್ ಆಫ್ ಮಾಡಿ, ಪರದೆಯ ಮೇಲೆ ಹಣೆಯ ಜಾಗದಲ್ಲಿ ಬೆರಳಿಟ್ಟು, ಬೆಳಕನ್ನು ಕೆಳಗೆ ಎಳೆಯಿರಿ. ನೆರಳು ಕಪ್ಪಾಗಿ ಒಂದಾಗುವವರೆಗೆ ಎಳೆಯಿರಿ. ಆಮೇಲೆ ಅದನ್ನು ಕಪ್ಪು-ಬಿಳುಪು ಮಾಡಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಅರ್ಧ ಕೆಲಸ ಆ ಕಪ್ಪು-ಬಿಳುಪಿನ ಪ್ರತಿಯಲ್ಲೇ ನಡೆಯುತ್ತದೆ.

ಬಣ್ಣಕ್ಕೆ ಕೈ ಹಾಕುವ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಮಾರ್ಕರ್ ಪೆನ್ನಿನಿಂದ ಬರೀ ಎರಡೇ ಮಟ್ಟದಲ್ಲಿ ಬರೆದುಕೊಂಡೆ: ಕಾಗದ ಬೆಳಕು, ಮಸಿ ನೆರಳು. ಅಷ್ಟು ಚಿಕ್ಕದರಲ್ಲಿ ಕಣ್ಣು ಬಿಡಿಸೋಕೆ ಆಗೋದೇ ಇಲ್ಲ, ಅದೇ ಅದರ ಲಾಭ. ಕಣ್ಣಿನ ಗುಳಿ, ಮೂಗಿನ ಪಕ್ಕ, ಮೀಸೆಯ ಕೆಳಗೆ, ಕುತ್ತಿಗೆ, ಕಾಯಿ ಹಿಡಿದ ಕೈಯ ಒಳಭಾಗ — ಇವೆಲ್ಲ ಸೇರಿ ಒಂದೇ ಕಪ್ಪು ಆಕಾರ ಆಗುತ್ತದೆ. ಆ ಆಕಾರ ನೋಡಿ ದೊಡ್ಡಮ್ಮನಿಗೆ ಯಾರು ಅಂತ ಗೊತ್ತಾದರೆ ಮುಂದುವರಿಯಬಹುದು. ಗೊತ್ತಾಗದಿದ್ದರೆ ಎಷ್ಟು ಬಣ್ಣ ಹಚ್ಚಿದರೂ ಪ್ರಯೋಜನ ಇಲ್ಲ. ದೊಡ್ಡಮ್ಮ ಒಲೆ ಮುಂದಿನಿಂದ ಏಳದೆಯೇ, “ಮೂಗು ಅವರ್ದೇ ಕಣಪ್ಪ” ಅಂದರು.

ಹಲಗೆ

8×4 ಅಡಿಯ ಹಾರ್ಡ್‌ಬೋರ್ಡ್ ಶೀಟಿನ ಉಳಿಕೆ ತುಂಡು ಬಡಗಿಗಳ ಹತ್ತಿರ ಸಿಗುತ್ತದೆ. ನುಣುಪಾದ ಕಡೆಯನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಜೆಸ್ಸೋ (ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಬಿಳಿ ತಳ) ಎರಡು ಕೋಟು ಕೊಟ್ಟೆ. ಮೊದಲನೆಯದು ಅಡ್ಡ, ಎರಡನೆಯದು ಉದ್ದ. ಹಿಂದುಗಡೆಗೂ ಒಂದು ಕೋಟು ಬೇಕು. ಒಂದೇ ಕಡೆ ಹಚ್ಚಿದರೆ ತೆಳು ಹಲಗೆ ಬಾಗುತ್ತದೆ.

ಬಿಳಿ ಹಲಗೆಯ ಮೇಲೆ ನೇರವಾಗಿ ಶುರು ಮಾಡುವವರೂ ಇದ್ದಾರೆ. ನನಗೆ ಅದು ಸರಿಬರಲ್ಲ. ಬಿಳಿಯ ಪಕ್ಕದಲ್ಲಿ ಇಟ್ಟ ಯಾವ ಬಣ್ಣವೂ ಇರೋದಕ್ಕಿಂತ ಕಪ್ಪಾಗಿ ಕಾಣುತ್ತದೆ. ಹೆದರಿ ನಾವು ಬಿಳಿ ಬೆರೆಸುತ್ತಾ ಹೋಗುತ್ತೇವೆ. ನಮ್ಮಂಥ ಕಂದು ಮೈಬಣ್ಣದವರ ಮುಖಕ್ಕೆ ಅದೇ ಮುಳುವು. ಅದಕ್ಕೆ ನಡು ಮಟ್ಟದ ಕೆಂಪು ತಳ ಹಾಕಿಕೊಂಡೆ, ತೋಟದ ಕೆಮ್ಮಣ್ಣಿನಿಂದಲೇ.

ಕೆಮ್ಮಣ್ಣು ತೆಗೆಯೋದು ಸುಲಭ, ತಾಳ್ಮೆ ಬೇಕು ಅಷ್ಟೇ. ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿ ಒಂದೆರಡು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಪಂಚೆ ಬಟ್ಟೆಯಲ್ಲಿ ಇನ್ನೊಂದು ಪಾತ್ರೆಗೆ ಸೋಸಿ. ಚೆನ್ನಾಗಿ ತಂಗಿದ ಮೇಲೆ ತಿಳಿ ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕದಡಿ. ಹೀಗೆ ಕೆಲವು ಸಲ ತೊಳೆದರೆ ಉಪ್ಪು, ಕಸಕಡ್ಡಿ ಹೋಗುತ್ತದೆ. ಉಳಿದ ನುಣ್ಣನೆ ಕೆಸರನ್ನು ಒಣಗಿಸಿ ಕಲ್ಲಿನಲ್ಲಿ ಅರೆದು, ಮ್ಯಾಟ್ ಆಕ್ರಿಲಿಕ್ ಮೀಡಿಯಂ (ನೀರು ಬೆರೆಯುವ, ಹೊಳಪಿಲ್ಲದ ಅಂಟು) ಜೊತೆ ಕಲಸಿ ಜೆಸ್ಸೋ ಮೇಲೆ ತೆಳ್ಳಗೆ ಒಂದು ಕೈ ಹಚ್ಚಿದೆ. ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸದ ಬಣ್ಣಗಳಲ್ಲಿ ಅದು ಮೊದಲ ಸಾಲಿನದು.

ಅಂಗಡಿಯ ಪೊಟ್ಟಣದ ಕೆಮ್ಮಣ್ಣೂ ಆಗುತ್ತದೆ, ಆದರೆ ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ಕದಡಿ ಬೆಳಗಿನವರೆಗೆ ಬಿಡಿ. ಮೇಲಿನ ನೀರು ತಿಳಿಯಾದರೆ ಮಣ್ಣು. ಗುಲಾಬಿ ಶರಬತ್ತಿನ ಹಾಗೆ ಉಳಿದರೆ ಡೈ ಬೆರೆತಿದೆ, ಹಲಗೆಗೆ ಬೇಡ. ಬಾಗಿಲ ಮುಂದೆ ರಂಗೋಲಿ ಅಂಚಿಗೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ: ಆಕ್ರಿಲಿಕ್ ಮೇಲೆ ಆಯಿಲ್ ಹಚ್ಚಬಹುದು. ಆಯಿಲ್ ಮೇಲೆ ಆಕ್ರಿಲಿಕ್ ಹಚ್ಚಬಾರದು, ಹಿಡಿಯೋದಿಲ್ಲ.

ನಾಲ್ಕು ಬಣ್ಣ

ಯೆಲ್ಲೋ ಓಕರ್ (ಹಳದಿ ಮಣ್ಣಿನ ಬಣ್ಣ), ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್, ಟೈಟಾನಿಯಂ ವೈಟ್. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಈ ಬಣ್ಣಗಳ ಗುಂಪು, ಅಂದರೆ ಪ್ಯಾಲೆಟ್, ಪ್ರಸಿದ್ಧ. 1896ರಲ್ಲಿ ಅವನು ಬರೆದುಕೊಂಡ ಸ್ವಂತ ಭಾವಚಿತ್ರದಲ್ಲಿ ಕೈಯಲ್ಲಿ ಹಿಡಿದ ಬಣ್ಣ ಕಲಸುವ ಹಲಗೆಯ (ಅದಕ್ಕೂ ಪ್ಯಾಲೆಟ್ ಅಂತಲೇ ಹೆಸರು) ಮೇಲೆ ಈ ಬಗೆಯ ನಾಲ್ಕೇ ಬಣ್ಣ ಕಾಣುತ್ತವೆ. ಅವನ ಕಾಲದಲ್ಲಿ ಕೆಂಪು ಅಂದರೆ ವರ್ಮಿಲಿಯನ್, ಬಿಳಿ ಅಂದರೆ ಸೀಸದ ಬಿಳಿ. ಬೇಕಾದಾಗ ಅವನೂ ಬೇರೆ ಬಣ್ಣ ತೆಗೆದುಕೊಂಡಿದ್ದಾನೆ, ವ್ರತ ಏನೂ ಹಿಡಿದಿರಲಿಲ್ಲ. ಯೋಚನೆ ಅವನಿಗಿಂತ ಬಹಳ ಹಳೆಯದು. ಗ್ರೀಕ್ ಚಿತ್ರಕಾರ ಅಪೆಲ್ಲೀಸ್ ಮತ್ತವನ ಜೊತೆಯವರು ಬಿಳಿ, ಹಳದಿ, ಕೆಂಪು, ಕಪ್ಪು ಇಷ್ಟರಲ್ಲೇ ಬರೆಯುತ್ತಿದ್ದರು ಅಂತ ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದಾನೆ.

ಕೊಳ್ಳುವಾಗ ಟ್ಯೂಬಿನ ಹಿಂದೆ ಚಿಕ್ಕ ಅಕ್ಷರದ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ನಂಬರ್ ನೋಡಿ. ಓಕರ್‌ಗೆ ಪಿವೈ 43 ಅಥವಾ 42, ಕ್ಯಾಡ್ಮಿಯಂ ರೆಡ್‌ಗೆ ಪಿಆರ್ 108, ಐವರಿ ಬ್ಲ್ಯಾಕ್‌ಗೆ ಪಿಬಿಕೆ 9, ಬಿಳಿಗೆ ಪಿಡಬ್ಲ್ಯೂ 6. ಹೆಸರಿನ ಮುಂದೆ ‘ಹ್ಯೂ’ ಅಂತ ಇದ್ದರೆ ಆ ಬಣ್ಣದ ಹಾಗೆ ಕಾಣುವ ಬೇರೆ ಪಿಗ್ಮೆಂಟ್ ಹಾಕಿದ್ದಾರೆ ಅಂತ ಅರ್ಥ. ಅಗ್ಗ, ಅಭ್ಯಾಸಕ್ಕೆ ಸಾಕು. ನಿಜವಾದ ಕ್ಯಾಡ್ಮಿಯಂ ದುಬಾರಿ, ವಿಷ ಕೂಡ. ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬೇಡಿ, ಬ್ರಷ್ ಬಾಯಲ್ಲಿ ಕಚ್ಚಬೇಡಿ, ಎಲೆ-ಅಡಿಕೆ ಹಾಕೋ ಅಭ್ಯಾಸ ಇದ್ದರೆ ಕೈ ತೊಳೆದ ಮೇಲೆ ಹಾಕಿ. ತೆಳು ಮಾಡೋಕೆ ಟರ್ಪೆಂಟೈನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎನ್‌ಸಿ ಥಿನ್ನರ್ ಅನ್ನೋ ಕಟು ದ್ರಾವಕ ಕೊಟ್ಟರೆ ವಾಪಸ್ ಕೊಡಿ, ಅದು ಕೆಳಗಿನ ಆಕ್ರಿಲಿಕ್ ತಳವನ್ನೇ ಕರಗಿಸುತ್ತದೆ.

ಈ ನಾಲ್ಕರಲ್ಲಿ ಆಟ ಇರೋದೆಲ್ಲ ಕಪ್ಪಿನದು. ನೀಲಿ ಟ್ಯೂಬ್ ಇಲ್ಲ, ಆ ಜಾಗಕ್ಕೆ ಕಪ್ಪು ಬರುತ್ತದೆ. ಐವರಿ ಬ್ಲ್ಯಾಕ್ ಅಂದರೆ ಈಗ ಸುಟ್ಟ ಮೂಳೆಯ ಕಪ್ಪು. ಅದಕ್ಕೆ ಬಿಳಿ ಬೆರೆಸಿದರೆ ತಣ್ಣನೆಯ ಬೂದು ಬರುತ್ತದೆ. ಓಕರ್ ಬೆರೆಸಿದರೆ ತೆಂಗಿನ ಒಣ ಗರಿಯಲ್ಲಿ ಇನ್ನೂ ಉಳಿದ ಮಂಕು ಹಸಿರು. ಕೆಂಪು ಬೆರೆಸಿದರೆ ಮೆರೂನ್. ಮಾರ್ಸ್ ಬ್ಲ್ಯಾಕ್ ಅನ್ನೋ ಇನ್ನೊಂದು ಕಪ್ಪು ತರಬೇಡಿ, ಅದು ಬಿಸಿ ಕಂದಿನ ಕಡೆ ಎಳೆಯುತ್ತದೆ, ಹಿಡಿತಕ್ಕೂ ಸಿಗಲ್ಲ.

ಮೊದಲು ಬಣ್ಣದ ಚಾರ್ಟ್ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಮಾಡಿ. ಒಂದು ಮಧ್ಯಾಹ್ನದ ಕೆಲಸ, ಅದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ.

ಮೈಬಣ್ಣ

ಹೇಳಬೇಕಾಗಿರೋದು ಇದರ ಬಗ್ಗೆ. ಎಲ್ಲ ಕಡೆ ಸಿಗುವ ಪಾಠ ಬಿಳಿಯಿಂದ ಶುರುವಾಗುತ್ತದೆ: ಬಿಳಿಯ ದೊಡ್ಡ ಗುಡ್ಡೆ, ಅದಕ್ಕೆ ಓಕರ್, ಒಂದು ಚಿಟಿಕೆ ಕೆಂಪು. ಉತ್ತರ ಯುರೋಪಿನ ಮುಖಕ್ಕೆ ಅದು ಸರಿ. ಬಿಸಿಲಲ್ಲಿ ಅರವತ್ತು ವರ್ಷ ತೋಟ ಮಾಡಿದ ಮುಖಕ್ಕೆ ಅದೇ ಲೆಕ್ಕ ಹಿಡಿದು ಆಮೇಲೆ ಕಪ್ಪು ಸುರಿದರೆ ಸಿಗೋದು ಬೂದಿ ಬಳಿದ ಮೈ. ಬಿಳಿ ಮತ್ತು ಕಪ್ಪು ಸೇರಿದ ಕೂಡಲೇ ಬೂದು ಹುಟ್ಟುತ್ತದೆ, ಅದು ಚರ್ಮದ ಬಿಸುಪನ್ನು ತಿಂದುಹಾಕುತ್ತದೆ.

ನಾನು ತಿರುಗಿಸಿಕೊಂಡೆ. ಮುಖದ ನಡು ಬಣ್ಣಕ್ಕೆ ಬಿಳಿ ಇಲ್ಲವೇ ಇಲ್ಲ. ಓಕರ್ ಮೂರು ಪಾಲು, ಕೆಂಪು ಒಂದು ಪಾಲು, ಬಣ್ಣ ಕಲಸುವ ನೈಫಿನ ತುದಿಯಷ್ಟು ಕಪ್ಪು. ಒಂದು ಗುಡ್ಡೆ ದೊಡ್ಡದಾಗಿ ಕಲಸಿ ಇಟ್ಟೆ. ನೆರಳಿಗೆ ಅದೇ ಗುಡ್ಡೆಯಿಂದ ತೆಗೆದು ಕಪ್ಪು-ಕೆಂಪು ಸೇರಿಸಿದ್ದು, ಇಲ್ಲೂ ಬಿಳಿ ಇಲ್ಲ. ಬೆಳಕಿನ ಕಡೆಗೆ ಮೊದಲು ಓಕರ್ ಏರಿಸಿ, ಸಾಲದಾದಾಗ ಮಾತ್ರ ಬಿಳಿ. ಹೀಗೆ ಮೂರು ಗುಡ್ಡೆ. ಟೈಟಾನಿಯಂ ಬಿಳಿಗೆ ಶಕ್ತಿ ವಿಪರೀತ, ಅಕ್ಕಿಕಾಳಿನಷ್ಟು ಸಾಕು.

ಆಮೇಲೆ ಹೊಳಪು. ಕಂದು ಚರ್ಮದ ಮೇಲೆ ಹಣೆ, ಕೆನ್ನೆಯ ಮೂಳೆ, ಮೂಗಿನ ಬೆನ್ನು ಹೊಳೆಯುವಾಗ ಅಲ್ಲಿ ಕಾಣೋದು ಚರ್ಮದ ಬಣ್ಣಕ್ಕಿಂತ ಹೆಚ್ಚಾಗಿ ಬೆಳಕಿನ ಬಣ್ಣ. ಗಾಜಿನ ಹೆಂಚಿನಿಂದ ಇಳಿದದ್ದು ಆಕಾಶದ ತಣ್ಣನೆ ಬೆಳಕು. ಹಾಗಾಗಿ ಹೊಳಪಿಗೆ ಕಪ್ಪು-ಬಿಳಿಯ ಬೂದನ್ನೇ ಇಟ್ಟೆ, ಒಂಚೂರು ಓಕರ್ ಬೆರೆಸಿ. ಬೇರೆ ಕಡೆ ಕೆಡಿಸುತ್ತಿದ್ದ ಬೂದು ಇಲ್ಲಿ ಬೆವರಿನ ಹೊಳಪಾಗಿ ಕೂರುತ್ತದೆ. ಮೂರು-ನಾಲ್ಕು ಏಟು ಅಷ್ಟೇ, ತೀಡಬಾರದು.

ಮುಖದಲ್ಲೇ ಬಣ್ಣದ ಸಣ್ಣ ವ್ಯತ್ಯಾಸ ಇರುತ್ತದೆ. ಹಣೆ ಹಳದಿಯ ಕಡೆ, ಮೂಗು-ಕೆನ್ನೆ-ಕಿವಿ ಕೆಂಪಿನ ಕಡೆ, ದವಡೆ ಬೂದಿನ ಕಡೆ. ದೊಡ್ಡಪ್ಪನದು ವಾರಕ್ಕೊಮ್ಮೆ ಕ್ಷೌರ, ದವಡೆಯಲ್ಲಿ ಬಿಳಿ ಕುರುಚಲು. ಅದಕ್ಕೆ ಕೂದಲು ಬರೆಯಲಿಲ್ಲ. ನಡು ಬಣ್ಣ ಹಸಿ ಇರುವಾಗಲೇ ಅದರ ಮೇಲೆ ಬೂದು ಬಣ್ಣದ ಒಣ ಬ್ರಷ್ ಒಂದು ಸಲ ಎಳೆದೆ. ಸಾಕಾಯಿತು.

ಬರೆದದ್ದು

ಅಟ್ಟದಲ್ಲಿ ಕೂತು ಬರೆಯಬೇಕು ಅಂತ ಯಾರಿಗಾದರೂ ಆಸೆಯಾಗಬಹುದು. ಬೇಡ. ಆಯಿಲ್ ಕಲರ್‌ನಲ್ಲಿರೋ ಅಗಸೆ ಎಣ್ಣೆ ಹತ್ತಿದ ಬಟ್ಟೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ ತಾನೇ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಾಗಿಯೇ ಇಲ್ಲ. ಕಾಯಿ, ಸಿಪ್ಪೆ, ನಾರು ತುಂಬಿದ ಅಟ್ಟದಲ್ಲಿ ಇದು ಆಟ ಆಡುವ ವಿಷಯ ಅಲ್ಲ. ಆಯಿಲ್ ಕೆಲಸ ಎಲ್ಲ ಹಿತ್ತಿಲ ಜಗಲಿಯಲ್ಲಿ, ಒರೆಸಿದ ಬಟ್ಟೆ ಎಲ್ಲ ನೀರು ತುಂಬಿದ ಹಳೇ ಡಬ್ಬದಲ್ಲಿ.

ಹಲಗೆಯ ಮೇಲೆ ಮೊದಲು ತೆಳು ಬಣ್ಣದಲ್ಲಿ ಕೆಲವೇ ನೇರ ಗೆರೆ: ತಲೆ ವಾಲಿದ ಕೋನ, ತಲೆಗೆ ಸುತ್ತಿದ ಟವೆಲಿನ ಮೇಲಂಚು, ಮೂಗಿನ ತಳ, ದವಡೆ, ಭುಜ. ಎಲ್ಲಕ್ಕಿಂತ ಮುಖ್ಯ ಮೊದಲನೆಯದು. ನಾವು ಗೊತ್ತಿಲ್ಲದೆಯೇ ತಲೆಯನ್ನು ನೆಟ್ಟಗೆ ಮಾಡಿಬಿಡುತ್ತೇವೆ. ಅದಕ್ಕೆ ಫೋಟೋದಲ್ಲಿ ಕಾಣುವುದಕ್ಕಿಂತ ಸ್ವಲ್ಪ ಜಾಸ್ತಿಯೇ ವಾಲಿಸಿದೆ. ಮೂಗಿಗೂ ಮೇಲ್ದುಟಿಗೂ ನಡುವಿನ ಜಾಗವನ್ನು ಒಂದು ಕೂದಲಷ್ಟು ಉದ್ದ ಮಾಡಿದೆ, ದೊಡ್ಡಪ್ಪನ ಗುರುತೇ ಅದು. ಇಂಥದ್ದು ಒಂದೆರಡು ಸಾಕು. ಹತ್ತು ಕಡೆ ಎಳೆದರೆ ವ್ಯಂಗ್ಯಚಿತ್ರ ಆಗುತ್ತದೆ.

ಆಮೇಲೆ ನೆರಳಿನ ಆಕಾರ, ತೆಳ್ಳಗೆ, ಒಂದೇ ಉಸಿರಿಗೆ. ಕಣ್ಣು ಬೇರೆ, ಮೂಗು ಬೇರೆ ಅಂತ ನೋಡದೆ ಮಾರ್ಕರ್ ಚಿತ್ರದಲ್ಲಿ ಇದ್ದ ಆ ಒಂದೇ ಆಕಾರ. ಅದರ ಪಕ್ಕ ನಡು ಬಣ್ಣ, ಅದರ ಮೇಲೆ ದಪ್ಪಗೆ ಬೆಳಕು. ತೆಳು ಕೆಳಗೆ, ಎಣ್ಣೆ ಜಾಸ್ತಿ ಇರೋದು ಮೇಲೆ, ಇದು ಆಯಿಲ್ ಪೇಂಟಿಂಗಿನ ಹಳೇ ನಿಯಮ. ತಿರುಗಿಸಿದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಐವರಿ ಬ್ಲ್ಯಾಕ್ ನಿಧಾನ ಒಣಗುವ ಬಣ್ಣ, ಹಾಗಾಗಿ ತಳದಲ್ಲಿ ದಪ್ಪ ಕಪ್ಪು ಇಡಲೇಬಾರದು.

ಹಿನ್ನೆಲೆ ಅಟ್ಟದ ಕತ್ತಲು: ಕಪ್ಪು ಮತ್ತು ಓಕರ್‌ನ ಮಂಕು ಹಸಿರು. ನೆರಳು ಬಿದ್ದ ಕೆನ್ನೆ ಎಲ್ಲಿ ಮುಗಿಯುತ್ತದೆ, ಕತ್ತಲು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗದ ಹಾಗೆ ಅಂಚನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿದೆ. ಆ ಕಡೆ ಅಂಚು ಕಳೆದರೇನೇ ಈ ಕಡೆ ಟವೆಲ್-ಹಣೆಯ ಅಂಚು ಚೂಪಾಗಿ ಕಾಣೋದು.

ಕಾಯಿ ಹಿಡಿದ ಕೈ ತಲೆನೋವಿನ ಜಾಗ. ಐದು ಬೆರಳು ಬಿಡಿಸಿದರೆ ನೋಡುವವರ ಕಣ್ಣು ಮುಖ ಬಿಟ್ಟು ಅಲ್ಲಿಗೇ ಹೋಗುತ್ತದೆ. ಅದಕ್ಕೆ ನಾಲ್ಕು ಬೆರಳನ್ನು ಒಂದೇ ಆಕಾರ ಮಾಡಿ, ಹೆಬ್ಬೆರಳಿನ ಪಕ್ಕ ಮಾತ್ರ ಒಂದು ಕಪ್ಪು ಸಂದು ಬಿಟ್ಟೆ. ಕಾಯಿ ಬೂದು ಮಿಶ್ರಿತ ಕಂದಿನ ಒಂದು ಮುದ್ದೆ. ಅದಕ್ಕೆ ನಾರು ಬೇಕು ಅಂತ ಕೈ ತುರಿಸುತ್ತಿತ್ತು, ಬ್ರಷ್ ಕೆಳಗಿಟ್ಟು ಕಾಫಿ ಕುಡಿದು ಬಂದೆ.

ಟವೆಲ್ ಬಿಳಿಯದು. ಆದರೆ ಅದರ ಮುಕ್ಕಾಲು ಭಾಗ ನೆರಳಲ್ಲಿತ್ತು. ಅಲ್ಲಿಗೆ ಹಾಕಿದ್ದು ಕಪ್ಪು-ಬಿಳಿ ಬೆರೆತ ಬೂದು, ಬೇರೇನೂ ಇಲ್ಲ. ಪ್ಯಾಲೆಟ್ ಮೇಲೆ ಅದು ಸಿಮೆಂಟ್ ಬಣ್ಣ. ಮುಖದ ಕಿತ್ತಳೆ ಕಂದಿನ ಪಕ್ಕಕ್ಕೆ ಹೋದ ಕೂಡಲೇ ತಿಳಿ ನೀಲಿ! ನೋಡಿದವರಲ್ಲಿ ಒಬ್ಬರು ‘ಉಜಾಲ ಹಾಕಿದ ಟವೆಲ್’ ಅಂತಲೇ ಅಂದರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಇದನ್ನು 1839ರಲ್ಲೇ ಬರೆದಿಟ್ಟಿದ್ದಾನೆ. ಅವನು ಪ್ಯಾರಿಸ್ಸಿನ ಗೋಬ್ಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಾಗ ಹುಡುಕಿದರೆ ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದ ನೂಲಿನ ಬಣ್ಣ ಕಪ್ಪನ್ನು ಹಾಗೆ ತೋರಿಸುತ್ತಿತ್ತು. ನಾಲ್ಕು ಟ್ಯೂಬಿನ ಪ್ಯಾಲೆಟ್ ಪೂರ್ತಿ ನಿಂತಿರೋದು ಇದೇ ಕಣ್ಕಟ್ಟಿನ ಮೇಲೆ.

ಕಣ್ಣು ಕೊನೆಗೆ ಬರೆದೆ. ಬರೆದೆ ಅಂದರೆ, ಗುಳಿಯ ನೆರಳಿನೊಳಗೆ ರೆಪ್ಪೆಗೆ ಒಂದು ಬೆಳಕಿನ ಏಟು, ಅದರ ಕೆಳಗೆ ಒಂದು ಕಪ್ಪು ಏಟು. ದೊಡ್ಡಪ್ಪ ಬಂದು ಹಲಗೆ ಮುಂದೆ ನಿಂತರು.

“ಏನ್ ಮಗಾ, ಕಣ್ಣೇ ಬಿಡ್ಸಿಲ್ವಲ್ಲ?”

“ನೀವೇ ಮುಚ್ಕೊಂಡಿದ್ರಲ್ಲ ದೊಡ್ಡಪ್ಪ, ಕಾಯಿ ಸದ್ದು ಕೇಳೋವಾಗ.”

ಸ್ವಲ್ಪ ಹಿಂದೆ ಸರಿದು ಮತ್ತೆ ನೋಡಿದರು. “ಈ ಕಾಯಿ ಇನ್ನೂ ಆಗಿಲ್ಲ ಬಿಡು” ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದೆ. “ಆಗಿದ್ರೆ ನನ್ ತುಟಿ ಹಂಗಿರ್ತಿತ್ತಾ?”

ಅಲ್ಲಿಗೆ ಬ್ರಷ್ ತೊಳೆದುಬಿಟ್ಟೆ. ತುಟಿಗೆ ನಾನು ಹಾಕಿದ್ದು ಎರಡೇ ಏಟು: ಮೇಲೆ ನೆರಳು, ಕೆಳಗೆ ಕೆಂಪು ಜಾಸ್ತಿ ಇರುವ ನಡು ಬಣ್ಣ. ಇನ್ನೇನಾದರೂ ಸೇರಿಸಿದ್ದರೆ ಅದು ಹೋಗುತ್ತಿತ್ತು.

ಒಣಗಿದ ಮೇಲೆ

ಮುಟ್ಟಿದರೆ ಅಂಟದಷ್ಟು ಒಣಗಿದಾಗ ಹಿನ್ನೆಲೆಯ ಕಪ್ಪು ಅಲ್ಲಲ್ಲಿ ಮಂಕಾಗಿ, ಸೀಮೆಸುಣ್ಣ ಬಳಿದ ಹಾಗೆ ಕಂಡಿತು. ಮಣ್ಣಿನ ತಳ ಎಣ್ಣೆ ಹೀರಿಕೊಳ್ಳುವುದರಿಂದ ಹೀಗಾಗುತ್ತದೆ, ಬಣ್ಣ ಕೆಟ್ಟಿರೋದಿಲ್ಲ. ಅಗಸೆ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ, ಮಂಕಾದ ಜಾಗಕ್ಕೆ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಸವರಿ, ಹೆಚ್ಚಾದದ್ದನ್ನು ಪೂರ್ತಿ ಒರೆಸಿ ತೆಗೆದೆ. ಕಪ್ಪಿನ ಆಳ ವಾಪಸ್ ಬಂತು. ಎಣ್ಣೆ ನಿಲ್ಲಬಾರದು, ನಿಂತರೆ ಮುಂದೆ ಹಳದಿಯಾಗುತ್ತದೆ. ವಾರ್ನಿಷ್‌ಗೆ ಅವಸರ ಇಲ್ಲ. ಆಯಿಲ್ ಬಣ್ಣ ಒಳಗಿನವರೆಗೆ ಒಣಗೋಕೆ ಆರು ತಿಂಗಳಿಂದ ವರ್ಷ ಬೇಕು.

ಎಲ್ಲಿ ತೂಗುಹಾಕೋದು ಅನ್ನೋದು ಬೇರೆಯದೇ ಚರ್ಚೆಯಾಯಿತು. ಹಜಾರದಲ್ಲಿ ಖಾಲಿ ಮೊಳೆ ಇದ್ದದ್ದು ಅಜ್ಜ-ಅಜ್ಜಿಯ ಫೋಟೋ ಸಾಲಿನಲ್ಲಿ. “ಆ ಸಾಲಿಗೆ ಮಾತ್ರ ಬೇಡ” ಅಂತ ದೊಡ್ಡಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು. ಬದುಕಿರೋರ ಪಟಕ್ಕೆ ಬೇರೆ ಗೋಡೆಯೇ ಆಗಬೇಕು. ಬಾಗಿಲ ಎಡಕ್ಕೆ ಹೊಸ ಮೊಳೆ ಹೊಡೆದೆವು. ನೇರ ಬಿಸಿಲಿಲ್ಲ, ಒಲೆಯ ಹೊಗೆಯೂ ಅಲ್ಲಿಗೆ ಬರಲ್ಲ.

ಮುಂದಿನ ಸರದಿ ದೊಡ್ಡಮ್ಮನದಂತೆ. ಮದುವೆಯ ಗಿಳಿಹಸಿರು ಸೀರೆಯಲ್ಲೇ ಬರೆಯಬೇಕಂತೆ. ಕಪ್ಪು-ಓಕರ್‌ನಲ್ಲಿ ಎಷ್ಟು ತಿಣುಕಿದರೂ ಮಂಕು ಹಸಿರು ಬರುತ್ತದೆಯೇ ಹೊರತು ಗಿಳಿಹಸಿರು ಬರಲ್ಲ. ಥ್ಯಾಲೋ ಬ್ಲೂ ಒಂದು, ಲೆಮನ್ ಯೆಲ್ಲೋ ಒಂದು ತರಬೇಕು. ಸೀರೆ ಬದಲಾಯಿಸೋಕೆ ಅವರು ಒಪ್ಪೋದಿಲ್ಲ, ಕೇಳಿ ನೋಡಿಯಾಯಿತು.